ಎರಡು ಮಳೆಗಾಲ, 500 ಪ್ರತಿ: ಕೊಡವ ಆದಿಕವಿಯ ನೆನಪಿನ ಸಂಕಲನವನ್ನು ಅಚ್ಚಿಗೆ ತಂದ ಕಥೆ

2025ರ ಸೆಪ್ಟೆಂಬರ್ 18ರ ಸಂಜೆ ಮೈಸೂರಿನಿಂದ ಬಂದ ಪಿಕಪ್ ವಾಹನವು, 30 ಪ್ರತಿಗಳಂತೆ ಕಟ್ಟಿದ 16 ಕಟ್ಟುಗಳನ್ನೂ 20 ಪ್ರತಿಗಳ ಒಂದು ಸಣ್ಣ ಕಟ್ಟನ್ನೂ ಮಡಿಕೇರಿಯ ನಮ್ಮ ಮನೆಯ ಜಗಲಿಯ ಮೇಲೆ ಇಳಿಸಿ ಹೋಯಿತು. ಹರದಾಸ ಅಪ್ಪಚ್ಚಕವಿಯ ನೆನಪಿಗಾಗಿ ಕೊಡಗಿನ ಕವಿಗಳ ಕೊಡವ ತಕ್ಕ್ (ಕೊಡವ ಭಾಷೆ) ಕವಿತೆಗಳನ್ನು ಕನ್ನಡ ಅನುವಾದದೊಂದಿಗೆ ಒಂದೆಡೆ ತರಬೇಕೆಂದು ನಾವು ಮೂವರು ತೀರ್ಮಾನಿಸಿ ಅಂದಿಗೆ ಹೆಚ್ಚುಕಡಿಮೆ ಎರಡು ವರ್ಷವಾಗಿತ್ತು. ಆರು ತಿಂಗಳಲ್ಲಿ ಮುಗಿಯಬಹುದೆಂದು ಅಂದುಕೊಂಡಿದ್ದ ಕೆಲಸ ಇಷ್ಟು ದೀರ್ಘವಾದುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ಅಜ್ಞಾನದಿಂದಲೇ ಹುಟ್ಟಿದವು. ಬೇರೆ ತಾಲೂಕಿನವರು, ಬೇರೆ ಭಾಷೆಯವರು ತಮ್ಮೂರಿನ ಕವಿಯ ಹೆಸರಿನಲ್ಲಿ ಇಂಥದ್ದೇ ಪುಸ್ತಕ ತರಲು ಹೊರಟಿದ್ದರೆ, ನಾವು ಎಡವಿದ ಜಾಗಗಳು ಅವರಿಗೆ ಮುಂಚಿತವಾಗಿ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಅಪ್ಪಚ್ಚಕವಿಯ ಹೆಸರು ಕೊಡಗಿನ ಹೊರಗೆ ಅಷ್ಟಾಗಿ ಪರಿಚಿತವಲ್ಲವಾದ್ದರಿಂದ ಎರಡು ಮಾತು ಹೇಳಬೇಕು. 1868ರಲ್ಲಿ ಕಿರುಂದಾಡು ಗ್ರಾಮದಲ್ಲಿ ಹುಟ್ಟಿ 1944ರಲ್ಲಿ ತೀರಿಕೊಂಡ ಅವರು, ಆಡುಮಾತಾಗಿಯೂ ಹಾಡಾಗಿಯೂ ಮಾತ್ರ ಬದುಕಿದ್ದ ಕೊಡವ ತಕ್ಕ್‌ನಲ್ಲಿ ಯಯಾತಿ, ಸಾವಿತ್ರಿ, ಸುಬ್ರಹ್ಮಣ್ಯ ಮತ್ತು ಕಾವೇರಿಯ ಕಥೆಗಳನ್ನು ನಾಟಕಗಳಾಗಿ ಬರೆದವರು. ಗುಡ್ಡಗಾಡಿನ ಹಳ್ಳಿಯೊಂದರಲ್ಲಿ ಕುಳಿತು, ಸಾಹಿತ್ಯದ ಬರವಣಿಗೆಯ ಪರಂಪರೆಯೇ ಇಲ್ಲದ ನುಡಿಯೊಂದನ್ನು ಕನ್ನಡ ಲಿಪಿಯಲ್ಲಿ ಹಿಡಿದು ರಂಗಕ್ಕೆ ತಂದ ಅವರನ್ನು ಕೊಡವರು ಆದಿಕವಿ ಎಂದು ಕರೆಯುತ್ತಾರೆ. 2011ರ ಜನಗಣತಿಯಲ್ಲಿ ಈ ಭಾಷೆಯನ್ನು ತಾಯ್ನುಡಿ ಎಂದು ಬರೆಸಿದವರು 1,13,857 ಮಂದಿ. ಅವರಲ್ಲಿ ಕವಿತೆ ಓದುವವರೆಷ್ಟು, ದುಡ್ಡು ಕೊಟ್ಟು ಕೊಳ್ಳುವವರೆಷ್ಟು ಎಂಬ ಲೆಕ್ಕವನ್ನು ಮೊದಲೇ ಹಾಕಿದ್ದರೆ ಬಹುಶಃ ನಾವು ಹೊರಡುತ್ತಲೇ ಇರಲಿಲ್ಲ.

ನಮ್ಮ ತಂಡದಲ್ಲಿ ನಾನು, ಕನ್ನಡ ಕಲಿಸಿ ನಿವೃತ್ತಳಾದವಳು. ಸೇನೆಯಿಂದ ನಿವೃತ್ತರಾಗಿ ಕಾಫಿ ತೋಟ ನೋಡಿಕೊಳ್ಳುತ್ತಾ ಕವಿತೆ ಬರೆಯುವ ಒಬ್ಬ ಸುಬೇದಾರರು. ಮತ್ತು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿ. 2023ರ ತುಲಾ ಸಂಕ್ರಮಣ ಕಳೆದ ವಾರ ಸೇರಿ, ಕವಿತೆಗಳನ್ನು ಆಹ್ವಾನಿಸುವ ಪತ್ರವನ್ನು ಸಿದ್ಧಪಡಿಸಿ, ಜನವರಿ ಕೊನೆಯನ್ನು ಗಡುವೆಂದು ನಮೂದಿಸಿದೆವು. ಇದು ಮೊದಲ ತಪ್ಪು. ನವೆಂಬರಿನಿಂದ ಅರೇಬಿಕಾ, ಅದು ಮುಗಿಯುವ ಹೊತ್ತಿಗೆ ರೋಬಸ್ಟಾ, ನಡುವೆ ಭತ್ತದ ಕೊಯ್ಲು ಮತ್ತು ಪುತ್ತರಿ ಎಂಬ ಸುಗ್ಗಿ ಹಬ್ಬ. ಆ ನಾಲ್ಕು ತಿಂಗಳು ಕೊಡಗಿನಲ್ಲಿ ಯಾರಿಗೂ ಕವಿತೆಯ ಪ್ರತಿ ಮಾಡಿ ಅಂಚೆಗೆ ಹಾಕುವಷ್ಟು ಬಿಡುವಿರುವುದಿಲ್ಲ. ತೋಟವಿರುವ ಸುಬೇದಾರರಿಗೇ ಇದು ಹೊಳೆಯಲಿಲ್ಲವೆಂದು ಆಮೇಲೆ ನಕ್ಕೆವು. ಗಡುವಿನ ದಿನ ಕೈಯಲ್ಲಿದ್ದುದು ಒಂಬತ್ತು ಕವಿತೆ. ಅದನ್ನು ಏಪ್ರಿಲ್ ಕೊನೆಗೆ ಮುಂದೂಡಿದ ಮೇಲೆ ನೂರಕ್ಕೂ ಹೆಚ್ಚು ಬಂದವು. ನಿಮ್ಮ ಊರಿನ ಬೆಳೆಯ ಪಂಚಾಂಗವನ್ನು ನೋಡಿಯೇ ಗಡುವು ಗೊತ್ತುಮಾಡಿ.

ಆಯ್ಕೆಯ ಕಷ್ಟಗಳನ್ನು ಬರೆಯುವುದಿಲ್ಲ. ಅವು ಎಲ್ಲ ಸಂಪಾದಕರಿಗೂ ಗೊತ್ತಿರುವಂಥವೇ. ಉಳಿದದ್ದು 41 ಕವಿಗಳ 48 ಕವಿತೆ, ಜೊತೆಗೆ ಅಪ್ಪಚ್ಚಕವಿಯ ನಾಟಕಗಳಿಂದ ಆಯ್ದ ಆರು ಹಾಡು. ಆ 41 ಮಂದಿಯಲ್ಲಿ ಏಳು ಜನ ಈಗಾಗಲೇ ತೀರಿಕೊಂಡವರು. ಈ ಏಳರ ಸಂಖ್ಯೆಯೇ ನಮ್ಮ ಒಂದು ಮಳೆಗಾಲವನ್ನು ಪೂರ್ತಿಯಾಗಿ ತಿಂದುಹಾಕಿತು.

ಅನುಮತಿಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ನಮ್ಮ ಕಡೆ ಹೆಚ್ಚಿನ ಸ್ಮರಣ ಸಂಪುಟಗಳು ಇದನ್ನು ಗಾಳಿಗೆ ತೂರಿಯೇ ಅಚ್ಚಾಗುತ್ತವೆ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ, ಲೇಖಕರು ಬದುಕಿದ್ದಾಗ ಪ್ರಕಟವಾದ ಕೃತಿಗೆ ಅವರ ಜೀವಿತಾವಧಿಯುದ್ದಕ್ಕೂ, ಅನಂತರ ಅವರು ತೀರಿಕೊಂಡ ಮರುವರ್ಷದ ಆರಂಭದಿಂದ ಎಣಿಸಿ 60 ವರ್ಷಗಳವರೆಗೂ ರಕ್ಷಣೆಯಿರುತ್ತದೆ. ಅಪ್ಪಚ್ಚಕವಿ ತೀರಿಕೊಂಡದ್ದು 1944ರಲ್ಲಾದ್ದರಿಂದ, 2004ರ ಕೊನೆಗೆ ಅವರ ನಾಟಕಗಳ ಮೇಲಿನ ಹಕ್ಕಿನ ಅವಧಿ ಮುಗಿದಿದೆ, ಅವುಗಳನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಇಷ್ಟು ತಿಳಿದು ನಿರಾಳವಾಗಿದ್ದ ನಮಗೆ, ಪರಿಚಯದ ವಕೀಲರೊಬ್ಬರು ಒಂದು ಪ್ರಶ್ನೆ ಕೇಳಿದರು: "ನೀವು ಹಾಡನ್ನು ಯಾವ ಪುಸ್ತಕದಿಂದ ಎತ್ತಿಕೊಂಡಿರಿ ಮೇಡಂ?" ನಾವು ಎತ್ತಿಕೊಂಡದ್ದು ಇತ್ತೀಚಿನ ದಶಕಗಳಲ್ಲಿ ಸಂಪಾದಿಸಿ ಮುದ್ರಿಸಿದ ಪ್ರತಿಯಿಂದ. ಕವಿಯ ಮೂಲ ಪಠ್ಯ ಸ್ವತಂತ್ರವಾಗಿದ್ದರೂ, ಅದಕ್ಕೆ ನಂತರದವರು ಬರೆದ ಟಿಪ್ಪಣಿ, ಪದಾರ್ಥ, ಪ್ರಸ್ತಾವನೆ ಮತ್ತು ಕನ್ನಡ ಅನುವಾದಗಳು ಆಯಾ ಬರಹಗಾರರ ಸ್ವತ್ತೇ ಆಗಿರುತ್ತವೆ. ಆದ್ದರಿಂದ ಮೂಲವನ್ನಷ್ಟೇ ಇಟ್ಟುಕೊಂಡು, ಟಿಪ್ಪಣಿಗಳನ್ನು ಕೈಬಿಟ್ಟು, ಆರೂ ಹಾಡುಗಳನ್ನು ನಾವೇ ಹೊಸದಾಗಿ ಅನುವಾದಿಸಬೇಕಾಯಿತು. ಕಾನೂನು ಕೇಳದಿದ್ದರೂ ಕವಿಯ ಒಕ್ಕದ (ಮನೆತನದ) ಹಿರಿಯರಿಗೆ ಮೊದಲೇ ವಿಷಯ ತಿಳಿಸಿದೆವು. ಕೊಡಗಿನಲ್ಲಿ ಹಾಗೆ ಮಾಡದೆ ಪುಸ್ತಕ ಬಿಡುಗಡೆ ಮಾಡುವ ಧೈರ್ಯ ನನಗಂತೂ ಇರಲಿಲ್ಲ.

ಬದುಕಿರುವ 34 ಕವಿಗಳಿಂದ ಅನುಮತಿ ಪತ್ರ ಪಡೆಯುವುದು ಸುಲಭವಾಗಿತ್ತು, ಆದರೆ ಆ ಪತ್ರದ ಒಕ್ಕಣೆಯನ್ನು ಎರಡು ಸಲ ಬದಲಿಸಬೇಕಾಯಿತು. ಹಕ್ಕು ಕೊಡುವ ಪತ್ರದಲ್ಲಿ ಅವಧಿಯನ್ನು ಹೇಳದಿದ್ದರೆ ಅದು ಐದು ವರ್ಷಕ್ಕೆ ಮಾತ್ರವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾಯಿದೆ ಭಾವಿಸುತ್ತದೆ. ನಮ್ಮ ಮೊದಲ ಪತ್ರದಲ್ಲಿ ಎರಡೂ ಇರಲಿಲ್ಲ. ಮೂಲ ಕವಿತೆ, ಕನ್ನಡ ಅನುವಾದ, ಮರುಮುದ್ರಣ ಮತ್ತು ಇ-ಪುಸ್ತಕ ಎಂದು ನಾಲ್ಕನ್ನೂ ಬೇರೆಬೇರೆಯಾಗಿ ನಮೂದಿಸಿ, ಕೃತಿಯ ಒಡೆತನ ಕವಿಯದ್ದೇ ಎಂದು ಸ್ಪಷ್ಟವಾಗಿ ಬರೆದು, ಎರಡು ಗೌರವ ಪ್ರತಿ ಕೊಡುವುದಾಗಿ ಸೇರಿಸಿ ಎರಡನೆಯ ಪತ್ರ ಕಳಿಸಿದೆವು. ಒಬ್ಬ ಹಿರಿಯರು ಇದನ್ನು ಕಂಡು ಸಿಟ್ಟಾದರು. "ನಾನೇನು ತೋಟ ಮಾರುತ್ತಿದ್ದೇನೆಯೆ, ಇಷ್ಟೊಂದು ಕರಾರು?" ಎಂದು ಫೋನಿನಲ್ಲಿ ಕೇಳಿದರು. ಸುಬೇದಾರರು ಅವರ ಮನೆಗೆ ಹೋಗಿ ಕಾಫಿ ಕುಡಿದು ಸಹಿ ತಂದರು.

ತೀರಿಕೊಂಡವರ ವಿಷಯ ಹಾಗಲ್ಲ. ಹಕ್ಕು ಎಲ್ಲ ವಾರಸುದಾರರಿಗೂ ಸೇರುವುದರಿಂದ, ಹತ್ತಿರದಲ್ಲಿ ಸಿಕ್ಕ ಮಗನ ಸಹಿಯೊಂದೇ ಸಾಲದು. ಒಬ್ಬ ಕವಿಯ ಮೂವರು ಮಕ್ಕಳಲ್ಲಿ ಒಬ್ಬರು ಸೋಮವಾರಪೇಟೆಯಲ್ಲಿ, ಒಬ್ಬರು ಬೆಂಗಳೂರಿನಲ್ಲಿ, ಒಬ್ಬರು ಕೆನಡಾದಲ್ಲಿ. 2024ರ ಜೂನ್‌ನಿಂದ ಆಗಸ್ಟ್‌ವರೆಗೆ ನಾವು ಮಾಡಿದ್ದು ಇದೇ ಕೆಲಸ. ಗಾಳಿಮಳೆಗೆ ಮರ ಬಿದ್ದು ಒಮ್ಮೆ ನಾಲ್ಕು ದಿನ ಕರೆಂಟು ಇರಲಿಲ್ಲ, ಮೊಬೈಲ್ ಸಿಗ್ನಲ್ ಇರಲಿಲ್ಲ. ನಾಪೋಕ್ಲು ಕಡೆಯ ಮನೆಯೊಂದಕ್ಕೆ ಮೂರನೆಯ ಸಲ ಹೋದಾಗ ಹೊಳೆಯ ನೀರು ರಸ್ತೆಗೆ ಬಂದು ಅರ್ಧ ದಾರಿಯಿಂದ ಹಿಂತಿರುಗಿದೆವು. ಇಷ್ಟಾಗಿ ಒಂದು ಕುಟುಂಬದಲ್ಲಿ ಆಸ್ತಿಯ ತಕರಾರಿದ್ದು, ಒಬ್ಬರು ಸಹಿ ಹಾಕಿದ ಕಾಗದಕ್ಕೆ ಇನ್ನೊಬ್ಬರು ಸಹಿ ಹಾಕುವುದಿಲ್ಲವೆಂದರು. ಸಂಕಲನದಲ್ಲಿ ನನಗೆ ಅತ್ಯಂತ ಪ್ರಿಯವಾಗಿದ್ದ ಕವಿತೆ ಅದು. ಬಿಟ್ಟೆವು, ಅದೇ ಕವಿಯ ಬೇರೊಂದು ಕವಿತೆಯನ್ನು ಸೇರಿಸುವಂತೆಯೂ ಇರಲಿಲ್ಲ. ಆ ಜಾಗಕ್ಕೆ ಇನ್ನೊಬ್ಬ ದಿವಂಗತ ಕವಿಯ ರಚನೆಯನ್ನು ಹುಡುಕಿ, ಅವರ ಒಬ್ಬಳೇ ಮಗಳ ಒಪ್ಪಿಗೆ ಪಡೆಯುವಷ್ಟರಲ್ಲಿ ಕೈಲ್‌ಪೊಳ್ದ್ ಹಬ್ಬ ಮುಗಿದು, ಅಪ್ಪಚ್ಚಕವಿಯ ಜನ್ಮದಿನವಾದ ಸೆಪ್ಟೆಂಬರ್ 21 ಕಣ್ಣೆದುರೇ ದಾಟಿಹೋಯಿತು. ಅಂದೇ ಬಿಡುಗಡೆ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದವರು ನಾವು.

ಇದರ ನಡುವೆ ಧನಸಹಾಯಕ್ಕಾಗಿ ಒಂದು ಸಂಸ್ಥೆಗೆ ಅರ್ಜಿ ಹಾಕಿದ್ದೆವು. ಹಸ್ತಪ್ರತಿಯ ಎರಡು ಪ್ರತಿ, ಅಂದಾಜು ಪಟ್ಟಿ, ಸಂಪಾದಕರ ಪರಿಚಯ, ಬ್ಯಾಂಕ್ ಪಾಸ್‌ಬುಕ್‌ನ ನಕಲು ಎಲ್ಲವನ್ನೂ ಕೊಟ್ಟು ಏಳು ತಿಂಗಳು ಕಾದರೂ ಹೌದೆಂದಾಗಲಿ ಅಲ್ಲವೆಂದಾಗಲಿ ಉತ್ತರ ಬರಲಿಲ್ಲ. ಅದನ್ನು ನಂಬಿ ಮುದ್ರಣವನ್ನು ತಡೆಹಿಡಿದದ್ದು ನಮ್ಮ ಎರಡನೆಯ ದೊಡ್ಡ ತಪ್ಪು. ಕೊನೆಗೆ ಪ್ರತಿಯೊಂದಕ್ಕೆ ₹200ರಂತೆ ಮುಂಗಡ ಪಡೆದು 160 ಪ್ರತಿಗಳನ್ನು ಮೊದಲೇ ಮಾರಿದೆವು, ಉಳಿದದ್ದನ್ನು ಮೂವರೂ ಹಂಚಿಕೊಂಡೆವು.

ಈಗ ಲಿಪಿಯ ಕಥೆ. ಕೊಡವ ತಕ್ಕ್‌ನಲ್ಲಿ ಕನ್ನಡದಲ್ಲಿಲ್ಲದ ಸ್ವರಗಳಿವೆ. ನಾಲಿಗೆಯನ್ನು ಒಳಗೆಳೆದು, ತುಟಿಯನ್ನು ದುಂಡಾಗಿಸದೆ ನುಡಿಯುವ ಇಕಾರ, ಎಕಾರಗಳಂಥ ಧ್ವನಿಗಳು, ಹ್ರಸ್ವವೂ ದೀರ್ಘವೂ. ಇವುಗಳನ್ನು ಕನ್ನಡ ಲಿಪಿಯಲ್ಲಿ ಹೇಗೆ ತೋರಿಸಬೇಕೆಂಬುದರಲ್ಲಿ ಒಮ್ಮತವಿಲ್ಲ. ನಮಗೆ ಬಂದ ಹಸ್ತಪ್ರತಿಗಳಲ್ಲಿ ಒಬ್ಬರು ಅಕ್ಷರದ ಮೇಲೆ ಗೆರೆ ಎಳೆದಿದ್ದರು, ಒಬ್ಬರು ಚುಕ್ಕೆ ಇಟ್ಟಿದ್ದರು, ಹೆಚ್ಚಿನವರು ಓದುವವರಿಗೆ ಹೇಗೂ ಗೊತ್ತಾಗುತ್ತದೆಂದು ಹಾಗೆಯೇ ಬಿಟ್ಟಿದ್ದರು. ಐ.ಮಾ. ಮುತ್ತಣ್ಣ ಕೊಡವ ಭಾಷೆಗೆಂದೇ ರೂಪಿಸಿದ ಪ್ರತ್ಯೇಕ ಲಿಪಿಯಿದೆ, ಅದರಲ್ಲೇ ಅಚ್ಚು ಹಾಕಬೇಕೆಂದು ಇಬ್ಬರು ಕವಿಗಳು ಪಟ್ಟು ಹಿಡಿದರು. ಅವರ ಅಭಿಮಾನ ನನಗೆ ಅರ್ಥವಾಗುತ್ತದೆ, ಆದರೆ ಅಪ್ಪಚ್ಚಕವಿ ಬರೆದದ್ದು ಕನ್ನಡ ಲಿಪಿಯಲ್ಲಿ. ನಡಿಕೇರಿಯಂಡ ಚಿನ್ನಪ್ಪನವರು ನಾಡಹಾಡುಗಳನ್ನು ಸಂಗ್ರಹಿಸಿ 1924ರಲ್ಲಿ ಹೊರತಂದ 'ಪಟ್ಟೋಲೆ ಪಳಮೆ' ಇರುವುದೂ ಕನ್ನಡ ಲಿಪಿಯಲ್ಲಿ. ನಮ್ಮ ಓದುಗರ ಕಣ್ಣು ಪಳಗಿರುವುದು ಅದರಲ್ಲೇ. ಮೂರು ಸಭೆಗಳ ನಂತರ, ಮೇಲೆ ಯಾವ ಗುರುತೂ ಹಾಕದೆ ಸಾದಾ ಕನ್ನಡ ಅಕ್ಷರಗಳನ್ನು ಬಳಸುವುದೆಂದೂ, ಅರ್ಥ ಕೆಡುವ ಕಡೆ ಮಾತ್ರ ಅಡಿಟಿಪ್ಪಣಿ ಕೊಡುವುದೆಂದೂ ಗೊತ್ತುಮಾಡಿದೆವು. ಇಂಥ ತೀರ್ಮಾನವನ್ನು ಒಂದು ಪುಟದಲ್ಲಿ ಬರೆದು ಎಲ್ಲ ಕವಿಗಳಿಗೂ ಕಳಿಸಿ, ಟೈಪ್ ಮಾಡಿಸುವ ಮೊದಲು. ನಾವು ಕಳಿಸಿದ್ದು ಟೈಪ್ ಆದ ಮೇಲೆ.

ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಣೆ) ಮಾಡಿದವರು ಒಳ್ಳೆಯ ಕನ್ನಡ ಬಲ್ಲವರು, ಅದೇ ಸಮಸ್ಯೆಯಾಯಿತು. ಅರ್ಧಾಕ್ಷರದಲ್ಲಿ ಕೊನೆಯಾಗುವ ಪದಗಳೆಲ್ಲ ಅವರಿಗೆ ಬೆರಳಚ್ಚಿನ ತಪ್ಪಿನಂತೆ ಕಂಡು, 'ತಕ್ಕ್' ಎಂಬುದು 'ತಕ್ಕ' ಆಗಿ, 'ನಾಡ್' ಎಂಬುದು 'ನಾಡು' ಆಗಿ, ಮೊದಲ ಕರಡಿನಲ್ಲಿ ಕವಿತೆಗಳು ಅರ್ಧ ಕನ್ನಡಕ್ಕೆ ತಿರುಗಿ ನಿಂತಿದ್ದವು. ಅವರ ತಪ್ಪೇನೂ ಇಲ್ಲ. ಕೊಡವ ಪುಟಗಳಲ್ಲಿ ಕಂಡದ್ದನ್ನು ಕಂಡಂತೆಯೇ ಟೈಪ್ ಮಾಡಿ ಎಂದು ನಾವು ಹೇಳಿರಲಿಲ್ಲ. ಅದನ್ನು ಸರಿಪಡಿಸಿದ ಮೇಲೆ, ಹಳೆಯ ಫಾಂಟಿನಲ್ಲಿದ್ದ ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸುವಾಗ ಇನ್ನೊಂದು ಎಡವಟ್ಟಾಯಿತು. 'ಐನ್‌ಮನೆ' ಎಂದು ಬರೆಯುವಾಗ ನಕಾರ ಮತ್ತು ಮಕಾರಗಳ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕುಳಿತು ಅವೆರಡನ್ನೂ ಬಿಡಿಸಿ ನಿಲ್ಲಿಸುತ್ತದೆ. ಟೈಪ್ ಮಾಡುವವರು ಅದನ್ನು ಝಡ್‌ಡಬ್ಲ್ಯುಎನ್‌ಜೆ ಎನ್ನುತ್ತಾರೆ. ಪರಿವರ್ತನೆಯಲ್ಲಿ ಅದು ಉದುರಿಹೋಗಿ, 'ಐನ್ಮನೆ' ಎಂದೂ 'ಕೈಲ್ಪೊಳ್ದ್' ಎಂದೂ ಒತ್ತಕ್ಷರಗಳು ಹುಟ್ಟಿಕೊಂಡವು. ಕನ್ನಡದ ಪುಟದಲ್ಲಿ ಇಂಥ ಪದ ಒಂದೋ ಎರಡೋ ಸಿಕ್ಕೀತು, ಅರ್ಧಾಕ್ಷರಗಳೇ ತುಂಬಿರುವ ಕೊಡವ ಪುಟದಲ್ಲಿ ಸಾಲಿಗೊಂದು. ನನ್ನ ವಿದ್ಯಾರ್ಥಿನಿ ರಾತ್ರಿ ಕೆಲಸ ಮುಗಿಸಿ ಬಂದು, ಹನ್ನೊಂದು ವಾರಾಂತ್ಯ ಕುಳಿತು, ಸಾಲುಸಾಲಾಗಿ ಅದನ್ನು ಮರಳಿ ಸೇರಿಸಿದಳು. ತುಳು, ಬ್ಯಾರಿ, ಅರೆಭಾಷೆಯವರು ಕನ್ನಡ ಲಿಪಿಯಲ್ಲಿ ಪುಸ್ತಕ ತರುವಾಗ ಮೊದಲ ಅಕ್ಷರದಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಲಿ, ಪರಿವರ್ತನೆಯನ್ನು ನಂಬಬೇಡಿ.

ಹೆಸರುಗಳ ಅನುಕ್ರಮ ಇನ್ನೊಂದು ಒಗಟು. ಕೊಡವರಲ್ಲಿ ಮನೆಪೆದ (ಮನೆತನದ ಹೆಸರು) ಮೊದಲು, ವ್ಯಕ್ತಿಯ ಹೆಸರು ಆಮೇಲೆ. ಅಕಾರಾದಿಯಾಗಿ ಜೋಡಿಸುವಾಗ ಮನೆಪೆದವನ್ನೇ ಹಿಡಿದೆವು. ಆದರೆ ಮದುವೆಯಾದ ಹೆಣ್ಣುಮಕ್ಕಳ ಮನೆಪೆದ ಬದಲಾಗುತ್ತದೆ. ಎಂಬತ್ತು ದಾಟಿದ ಕವಯಿತ್ರಿಯೊಬ್ಬರು ಮದುವೆಗೆ ಮೊದಲು ಬರೆದ ಕವಿತೆಯನ್ನು ಕೊಟ್ಟು, "ಮಗಳೇ, ಇದನ್ನು ಬರೆದವಳು ತಾಮನೆಯ ಹುಡುಗಿ, ಅವಳ ಹೆಸರಿನಲ್ಲೇ ಹಾಕು" ಎಂದರು. ಅವರ ಎರಡನೆಯ ಕವಿತೆ ಗಂಡನ ಮನೆಪೆದದಲ್ಲಿತ್ತು. ಎರಡೂ ಹೆಸರುಗಳಲ್ಲಿ ಎರಡು ಕಡೆ ಹಾಕಿ, ಕೊನೆಯ ಪರಿಚಯ ಪುಟದಲ್ಲಿ ಒಬ್ಬರೇ ಎಂದು ತಿಳಿಸಿದೆವು. ಸುಬೇದಾರರಿಗೆ ಇದು ಅವ್ಯವಸ್ಥೆಯಾಗಿ ಕಂಡಿತು, ನನಗೆ ಇಡೀ ಪುಸ್ತಕದಲ್ಲಿ ನಾವು ತೆಗೆದುಕೊಂಡ ಅತ್ಯುತ್ತಮ ತೀರ್ಮಾನವಾಗಿ ಕಾಣುತ್ತದೆ.

ಪುಟ ವಿನ್ಯಾಸದಲ್ಲಿ ಎಡಕ್ಕೆ ಮೂಲ, ಬಲಕ್ಕೆ ಅನುವಾದ ಎಂದು ಇಟ್ಟುಕೊಂಡರೆ ಪ್ರತಿ ಕವಿತೆಯೂ ಸಮಸಂಖ್ಯೆಯ ಪುಟದಲ್ಲಿಯೇ ಶುರುವಾಗಬೇಕು. ಮುದ್ರಣವಾಗುವುದು 16 ಪುಟಗಳ ಫಾರಂಗಳಲ್ಲಿ. ನಮ್ಮದು 180 ಪುಟಕ್ಕೆ ಬಂದು ನಿಂತಿತ್ತು. ಆ ನಾಲ್ಕು ಪುಟಕ್ಕಾಗಿ ಇನ್ನೊಂದು ಫಾರಂ ಏರಿಸುವುದು ದಂಡ ಎಂದು ಮುದ್ರಕರು ಹೇಳಿದ್ದರಿಂದ, ನಾಲ್ಕು ಪುಟ ಹಿಡಿದಿದ್ದ ನನ್ನದೇ ದೀರ್ಘ ಕವಿತೆಯನ್ನು ತೆಗೆದು ಬದಲಿಗೆ ಮುನ್ನುಡಿಯಲ್ಲಿದ್ದ ಖಾಲಿ ಪುಟಕ್ಕೆ ಚಿಕ್ಕದೊಂದನ್ನು ಹೊಂದಿಸಿ, 176 ಪುಟಗಳ 11 ಫಾರಂಗಳಿಗೆ ಇಳಿಸಿದೆವು.

ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಬಗ್ಗೆ ಹೆಚ್ಚಿನ ಹೆದರಿಕೆ ಬೇಡ. ನವದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಏಜೆನ್ಸಿಯು ಅದನ್ನು ಉಚಿತವಾಗಿ ಕೊಡುತ್ತದೆ, ಅರ್ಜಿಯೂ ಆನ್‌ಲೈನ್‌ನಲ್ಲೇ. ಸ್ವಂತವಾಗಿ ಪ್ರಕಟಿಸುವ ಲೇಖಕರೂ ಪಡೆಯಬಹುದು. ಹಣ ಕೊಟ್ಟು ಮಧ್ಯವರ್ತಿಯಿಂದ ಪಡೆಯಬೇಕೆಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ನಮ್ಮ ಅರ್ಜಿ ಒಮ್ಮೆ ಹಿಂದೆ ಬಂತು, ಅದಕ್ಕೆ ಹೊಣೆ ನಾನೇ: ಅರ್ಜಿಯಲ್ಲಿ ಶೀರ್ಷಿಕೆಯನ್ನು ಒಂದು ಕಾಗುಣಿತದಲ್ಲಿಯೂ ರಕ್ಷಾಪುಟದಲ್ಲಿ ಇನ್ನೊಂದರಲ್ಲಿಯೂ ಬರೆದಿದ್ದೆ. ಅಚ್ಚಿನ ಪುಸ್ತಕಕ್ಕೂ ಇ-ಪುಸ್ತಕಕ್ಕೂ ಬೇರೆಬೇರೆ ಸಂಖ್ಯೆ ಬೇಕೆಂಬುದನ್ನೂ ನೆನಪಿಡಿ.

ಖರ್ಚಿನ ಲೆಕ್ಕವನ್ನು ಮುಚ್ಚಿಡದೆ ಹೇಳಿಬಿಡುತ್ತೇನೆ. ಡಿಟಿಪಿಗೆ ಪುಟಕ್ಕೆ ₹45ರಂತೆ ₹7,920, ರಕ್ಷಾಪುಟ ವಿನ್ಯಾಸಕ್ಕೆ ₹4,000, ಡೆಮಿ ಅಷ್ಟದಳ ಎಂಬ ಪುಸ್ತಕದ ಅಳತೆಯಲ್ಲಿ 70 ಜಿಎಸ್‌ಎಂ ಕಾಗದದ 500 ಪ್ರತಿಗಳ ಮುದ್ರಣಕ್ಕೆ ಪ್ರತಿಗೆ ₹98ರಂತೆ ₹49,000, ಓಡಾಟ, ಜೆರಾಕ್ಸ್ ಮತ್ತು ಪತ್ರವ್ಯವಹಾರಕ್ಕೆ ₹11,350, ಸಾಗಣೆಗೆ ₹1,150, ಬಿಡುಗಡೆಯ ಸಭಾಂಗಣ ಮತ್ತು ಉಪಾಹಾರಕ್ಕೆ ₹14,500, ಅಂಚೆಗೆ ₹3,480, ಒಟ್ಟು ₹91,400. ಓಡಾಟದ ಬಾಬ್ತನ್ನು ನಮ್ಮ ಮೊದಲ ಅಂದಾಜಿನಲ್ಲಿ ಸೇರಿಸಿಯೇ ಇರಲಿಲ್ಲ. ಮೈಸೂರಿನ ಮುದ್ರಣಾಲಯಕ್ಕೆ 120 ಕಿಲೋಮೀಟರ್, ರೈಲಿಲ್ಲದ ಜಿಲ್ಲೆ, ಕೊನೆಯ ಕರಡನ್ನು ಕಾಗದದ ಮೇಲೆಯೇ ನೋಡಬೇಕೆಂಬ ನನ್ನ ಹಟ. ಒಮ್ಮೆ ಬಸ್ಸಿನಲ್ಲಿ ಕಳಿಸಿದ ಕರಡಿನ ಕಟ್ಟು ನೆನೆದು, ಕೆಂಪು ಶಾಯಿಯ ತಿದ್ದುಪಡಿಗಳೆಲ್ಲ ಗುಲಾಬಿ ಕಲೆಗಳಾಗಿ ತಲುಪಿದವು. ಮಳೆನಾಡಿನವರು ಕರಡನ್ನು ಬಾಲ್‌ಪೆನ್ನಿನಲ್ಲಿ ತಿದ್ದುವುದು ಲೇಸು.

ಬಿಡುಗಡೆಯ ನಂತರವೂ ಕೆಲಸ ಉಳಿದಿರುತ್ತದೆ. 1954ರ ಪುಸ್ತಕ ವಿತರಣಾ ಕಾಯಿದೆಯಂತೆ, ಪ್ರಕಟವಾದ 30 ದಿನಗಳೊಳಗೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೂ, ಚೆನ್ನೈ, ಮುಂಬೈ ಮತ್ತು ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿಯನ್ನು ಪ್ರಕಾಶಕರು ತಮ್ಮ ಖರ್ಚಿನಲ್ಲಿ ಕಳಿಸಬೇಕು. ಅಂಚೆ ಇಲಾಖೆಯು 2025ರ ಮೇ 1ರಿಂದ ಆರಂಭಿಸಿರುವ ಜ್ಞಾನ ಪೋಸ್ಟ್ ಸೇವೆಯಲ್ಲಿ 300 ಗ್ರಾಂ ವರೆಗಿನ ಪುಸ್ತಕದ ಕಟ್ಟಿಗೆ ದರ ₹20, ತೆರಿಗೆ ಬೇರೆ. ನಮ್ಮ ಪುಸ್ತಕ ಹೊದಿಕೆಯೊಂದಿಗೆ 230 ಗ್ರಾಂ ತೂಗಿತು. ಪುಸ್ತಕದಲ್ಲಿ ಪ್ರಕಾಶಕರ ಅಥವಾ ಮುದ್ರಕರ ಹೆಸರು ಇರಬೇಕು, ಜಾಹೀರಾತು ಇರಬಾರದು.

ಬಿಡುಗಡೆಯ ದಿನ ಅಪ್ಪಚ್ಚಕವಿಯ ಕಾವೇರಿ ನಾಟಕದ ಹಾಡನ್ನು ಇಬ್ಬರು ಹಿರಿಯರು ಪುಸ್ತಕ ನೋಡದೆಯೇ ಹಾಡಿದರು. ಎರಡನೆಯ ಚರಣದಲ್ಲಿ ಅವರು ಹಾಡಿದ ಪದವೊಂದು ನಾವು ಅಚ್ಚು ಮಾಡಿದ ಪದಕ್ಕಿಂತ ಬೇರೆಯಾಗಿತ್ತು. ಪಕ್ಕದಲ್ಲಿ ಕುಳಿತಿದ್ದ ಆ ಕವಯಿತ್ರಿ ನನ್ನ ತೊಡೆಯನ್ನು ತಟ್ಟಿ, "ಅವರು ಹಾಡಿದ್ದೇ ಸರಿ, ನನ್ನ ಅಪ್ಪನೂ ಹಾಗೇ ಹಾಡುತ್ತಿದ್ದರು" ಎಂದರು. ನಾವು ಹಿಡಿದಿದ್ದ ಮುದ್ರಿತ ಪಾಠವನ್ನು ಮನೆಗೆ ಬಂದು ಮತ್ತೆ ನೋಡಿದೆ; ಅಲ್ಲಿ ನಮ್ಮದರಂತೆಯೇ ಇದೆ. ಮರುಮುದ್ರಣಕ್ಕೆಂದು ತೆಗೆದಿಟ್ಟಿರುವ ಪ್ರತಿಯಲ್ಲಿ, ಆ ಹಾಡಿನ ಪುಟದ ಅಂಚಿನಲ್ಲಿ, ಅವರು ಹಾಡಿದ ಪದವನ್ನು ಪೆನ್ಸಿಲಿನಲ್ಲಿ ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ. ಮಾರಾಟವಾಗದೆ ಉಳಿದಿರುವ 137 ಪ್ರತಿಗಳು ಟ್ರಂಕಿನಲ್ಲಿವೆ, ಬಿಸಿಲು ಬಂದ ದಿನ ಮುಚ್ಚಳ ತೆರೆದಿಡುತ್ತೇನೆ.